ಯಾವ ಖಾತೆಗೂ ಸೇರದ ನೂರು ರೂಪಾಯಿ

(ದತ್ತಿ ಉಪನ್ಯಾಸದ ಪರಿಷ್ಕರಿಸಿದ ಪಾಠ)

ಅಧ್ಯಕ್ಷರೇ, ಮೇಷ್ಟ್ರ ಹೆಸರಿನಲ್ಲಿ ಈ ದತ್ತಿ ಇಟ್ಟಿರುವ ಹಳೆಯ ವಿದ್ಯಾರ್ಥಿಗಳೇ, ಕೊನೆಯ ಸಾಲಿನಲ್ಲಿ ಬಾಗಿಲಿಗೆ ಹತ್ತಿರವಾಗಿ ಜಾಗ ಹಿಡಿದಿರುವ ಕಾಲೇಜಿನ ಹುಡುಗ ಹುಡುಗಿಯರೇ,

ನಾನು ಸಾಹಿತಿಯಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವನು. ಕ್ಯಾಷ್ ಕೌಂಟರಿನಲ್ಲಿ ಶುರುವಾಗಿ ಮ್ಯಾನೇಜರ್ ಕುರ್ಚಿಯಲ್ಲಿ ಮುಗಿಸಿದೆ. ಹಾಗಾಗಿ ದತ್ತಿ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕಣ್ಣೆದುರು ಮೊದಲು ಬರುವುದು ಠೇವಣಿ, ಆಮೇಲೆ ಉಪನ್ಯಾಸ. ದತ್ತಿಯ ನಿಯಮ ನಿಮಗೆಲ್ಲ ಗೊತ್ತಿರುವಂಥದ್ದೇ. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲಿ ಕಾರ್ಯಕ್ರಮ ಆಗಬೇಕು. ಬಡ್ಡಿ ದರ ಇಳಿದ ವರ್ಷ ಶಾಲು ತೆಳ್ಳಗಾಗುತ್ತದೆ, ಹಾರದಲ್ಲಿ ಗುಲಾಬಿ ಕಡಿಮೆಯಾಗಿ ಸೇವಂತಿಗೆ ಹೆಚ್ಚುತ್ತದೆ, ಭಾಷಣ ಮಾತ್ರ ಅಷ್ಟೇ ಉದ್ದ ಇರುತ್ತದೆ. ದುಡ್ಡಿನ ವಿಷಯದಲ್ಲಿ ಇಷ್ಟು ಜಾಗ್ರತೆ ಇರುವ ನಾವು ನಮ್ಮ ವಿಷಯದಲ್ಲಿ ದಿನವೂ ಅಸಲಿಗೇ ಕೈ ಹಾಕುತ್ತೇವೆ. ನಿದ್ದೆ, ಸ್ನೇಹ, ಜಗಲಿಯ ಮೇಲೆ ಸುಮ್ಮನೆ ಕೂರುವ ತಾಳ್ಮೆ ಇವೆಲ್ಲ ಅಸಲಲ್ಲವೇ?

ಮೇಷ್ಟ್ರು ಗಣಿತ ಹೇಳಿಕೊಡುತ್ತಿದ್ದರು. ಉತ್ತರ ಸರಿಯಿದ್ದು ಕ್ರಮ ಬರೆದಿಲ್ಲದಿದ್ದರೆ ಅವರು ಸೊನ್ನೆ ಕೊಡುತ್ತಿದ್ದರು ಎಂದು ಅವರ ಶಿಷ್ಯರು ಈಗಲೂ ದೂರುತ್ತಾರೆ. ಉತ್ತರದ ಪಕ್ಕ ಕೆಂಪು ಶಾಯಿಯಲ್ಲಿ ‘ಎಲ್ಲಿಂದ ಬಂತು?’ ಎಂದು ಬರೆಯುತ್ತಿದ್ದರಂತೆ. ಆ ಎರಡು ಪದಗಳನ್ನು ಇವತ್ತು ಅವರಿಂದ ಸಾಲ ತೆಗೆದುಕೊಳ್ಳುತ್ತೇನೆ.

ಕಾರ್ಯದರ್ಶಿಗಳು ಕೊಟ್ಟ ವಿಷಯ ‘ಸುಖ, ಸಾಧನೆಗಳ ಆಚೆಯ ಬದುಕು’. ಮೊದಲು ಸುಖ.

2011ರಲ್ಲಿ ವಿಶ್ವಸಂಸ್ಥೆ ಸುಖದ ಬಗ್ಗೆ ಒಂದು ನಿರ್ಣಯ ಮಾಡಿತು. ಅದರ ಹಿಂದೆ ಇದ್ದದ್ದು ಪುಟ್ಟ ಭೂತಾನ್. ಮುಂದಿನ ವರ್ಷದಿಂದ ದೇಶಗಳ ಸುಖವನ್ನು ಅಳೆಯುವ ವರದಿ ಬರತೊಡಗಿತು. 2018ರಿಂದ ಅದರಲ್ಲಿ ಫಿನ್ಲೆಂಡ್ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ನಾವು ನೂರರಾಚೆ ಎಲ್ಲೋ ಇದ್ದೇವೆ. 2016ರಲ್ಲಿ ಮಧ್ಯಪ್ರದೇಶ ಸರ್ಕಾರ ಆನಂದಕ್ಕೆಂದೇ ಒಂದು ಇಲಾಖೆ ತೆರೆಯಿತು. ಅಲ್ಲಿಯೂ ಟಪಾಲು ವಿಭಾಗ ಇರಬೇಕು, ‘ನಾಳೆ ಬನ್ನಿ’ ಎನ್ನುವ ಗುಮಾಸ್ತರೂ ಇರಬೇಕು ಎಂದು ನನ್ನ ಊಹೆ. ಇರಲಿ, ಕುಹಕ ಬೇಡ. ಆ ವರದಿಯವರು ಜನರನ್ನು ಕೇಳುವ ಪ್ರಶ್ನೆ ಸರಳವಾಗಿದೆ. ಒಂದು ಏಣಿಯನ್ನು ಕಲ್ಪಿಸಿಕೊಳ್ಳಿ, ಅತಿ ಕೆಳಗಿನ ಮೆಟ್ಟಿಲು ಸೊನ್ನೆ, ಅತಿ ಮೇಲಿನದು ಹತ್ತು, ನಿಮ್ಮ ಬದುಕು ಈಗ ಯಾವ ಮೆಟ್ಟಿಲಿನಲ್ಲಿದೆ?

ಇದನ್ನು ಪತ್ರಿಕೆಯಲ್ಲಿ ಓದಿದ ದಿನ ನಮ್ಮ ತಾಯಿ ಇನ್ನೂ ಇದ್ದರು. ತೊಂಬತ್ತರ ಹತ್ತಿರ. ಅವರೆಕಾಳು ಹಿಸುಕುತ್ತಾ ಕೂತಿದ್ದರು. ಅವರನ್ನೇ ಕೇಳಿದೆ. ‘ಏಣಿ ಯಾಕಪ್ಪಾ? ಅಟ್ಟದಿಂದ ಏನಾದರೂ ತೆಗೀಬೇಕಾ?’ ಎಂದರು. ನಾನು ನಕ್ಕೆ. ಆಮೇಲೆ ಯೋಚಿಸಿದರೆ ನಮ್ಮ ಮನೆಗಳಲ್ಲಿ ಏಣಿ ಇದ್ದದ್ದೇ ಅದಕ್ಕೆ. ಹತ್ತಿ, ಬೇಕಾದ ಪಾತ್ರೆ ತೆಗೆದುಕೊಂಡು, ಇಳಿದು, ಏಣಿಯನ್ನು ಮೂಲೆಗಿಡುವುದು. ಮೇಲಿನ ಮೆಟ್ಟಿಲಿನಲ್ಲಿ ನಿಂತಿರುವುದಕ್ಕೆಂದು ಯಾರೂ ಏಣಿ ಹತ್ತುತ್ತಿರಲಿಲ್ಲ.

ಹಳೆಯ ಕಾಗದಗಳಲ್ಲಿ ಇನ್ನೊಂದು ಸಂಗತಿ ಇದೆ. ಹದಿನೈದು ಪೈಸೆ ಕಾರ್ಡಿನಲ್ಲಿ ಅಪ್ಪ ಬರೆಯುತ್ತಿದ್ದ ಮೊದಲ ಸಾಲು ‘ನಾವೆಲ್ಲ ಕ್ಷೇಮ’. ‘ನಾನು ಕ್ಷೇಮ’ ಎಂದು ಬರೆದ ಕಾರ್ಡನ್ನು ನಾನು ನೋಡಿಲ್ಲ. ಮನೆಯಲ್ಲಿ ಒಬ್ಬರಿಗೆ ಜ್ವರವಿದ್ದರೂ ‘ನಾವೆಲ್ಲ ಕ್ಷೇಮ’ ಎಂದೇ ಶುರುವಾಗಿ, ಕಾರ್ಡಿನ ಅಂಚಿನಲ್ಲಿ ಅಡ್ಡಡ್ಡವಾಗಿ ಜ್ವರದ ಸುದ್ದಿ ಬರುತ್ತಿತ್ತು. ಏಣಿಯ ಪ್ರಶ್ನೆ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುವಂಥದ್ದು. ಕ್ಷೇಮ ಎಂಬ ಮಾತಿಗೆ ಬಹುವಚನವೇ ಅಭ್ಯಾಸ.

ಇನ್ನು ಸಾಧನೆ. ಈಗಿನವರು ಪ್ರೊಡಕ್ಟಿವಿಟಿ ಎನ್ನುತ್ತಾರೆ, ನಮ್ಮ ಕಾಲದ ಸರ್ಕಾರಿ ಕನ್ನಡದಲ್ಲಿ ಉತ್ಪಾದಕತೆ. ರಾಷ್ಟ್ರೀಯ ಉತ್ಪಾದಕತಾ ಮಂಡಳಿ ಹುಟ್ಟಿದ್ದು 1958ರ ಫೆಬ್ರವರಿ 12ರಂದು. ಆ ನೆನಪಿಗೆ ವರ್ಷವೂ ಒಂದು ವಾರ ಸಪ್ತಾಹ. ಹೆಡ್ಡಾಫೀಸಿನಿಂದ ಭಿತ್ತಿಪತ್ರ ಬರುತ್ತಿತ್ತು, ಅದನ್ನು ಅಂಟಿಸಲು ಗೋಂದು ಕಾಯಿಸುವುದರಲ್ಲಿ ಜವಾನನ ಅರ್ಧ ದಿನ ಹೋಗುತ್ತಿತ್ತು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಪರ ವಿರೋಧ ಎಷ್ಟು ಗದ್ದಲವಾಯಿತು ಎಂಬುದು ನಿಮಗೆ ನೆನಪಿದೆ. ಮೇಷ್ಟ್ರ ಸಭೆಯಾದ್ದರಿಂದ ಲೆಕ್ಕ ಹಾಕೋಣ. ವಾರಕ್ಕೆ ಆರು ದಿನ ಎಂದರೆ ದಿನಕ್ಕೆ 11 ಗಂಟೆ 40 ನಿಮಿಷ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲು ಇದರಲ್ಲಿ ಸೇರಿಲ್ಲ.

ದುಡಿಮೆಯನ್ನು ಹಗುರವಾಗಿ ಆಡಲು ನನಗೆ ಮನಸ್ಸಿಲ್ಲ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ, ಮೈಸೂರು ಬ್ಯಾಂಕು ಶುರುವಾಯಿತು. ಎರಡು ವರ್ಷಕ್ಕೆ ಕನ್ನಡ ಸಾಹಿತ್ಯ ಪರಿಷತ್ತು, ಮತ್ತೊಂದು ವರ್ಷಕ್ಕೆ ಮೈಸೂರು ವಿಶ್ವವಿದ್ಯಾಲಯ. ನನ್ನಂಥ ಬ್ಯಾಂಕಿನವನು ನಿಮ್ಮಂಥ ಸಾಹಿತ್ಯಾಸಕ್ತರ ಎದುರು ಮೈಕು ಹಿಡಿದು ನಿಂತಿದ್ದರೆ ಅದಕ್ಕೆ ಒಂದು ರೀತಿಯಲ್ಲಿ ಆ ದಿವಾನರೇ ಹೊಣೆ. 1951ರಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದರು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ನನ್ನ ದುಡಿಮೆಯ ಬಾಳಿನ ನೆನಪುಗಳು’. ಹೆಸರಿನಲ್ಲೇ ಅವರು ಗೆರೆ ಎಳೆದಿದ್ದಾರೆ. ದುಡಿಮೆಯ ಬಾಳು ಮಾತ್ರ ಇಲ್ಲಿದೆ, ಉಳಿದದ್ದು ನಿಮಗೆ ಬೇಡ ಎಂದ ಹಾಗೆ. ಆ ಶಿಸ್ತಿಗೆ ನನ್ನ ನಮಸ್ಕಾರ ಇದೆ. ಆದರೆ ಎಲ್ಲರೂ ಆ ಉಳಿದದ್ದನ್ನು ಪುಸ್ತಕದ ಹೊರಗಿಡಲು ಹೋದರೆ, ಅಣೆಕಟ್ಟು ಕಟ್ಟದ ನಮ್ಮ ಪುಸ್ತಕದಲ್ಲಿ ಏನೂ ಉಳಿಯುವುದಿಲ್ಲ.

ಈಗ ನನ್ನ ಉಳಿದದ್ದಕ್ಕೆ ಬರುತ್ತೇನೆ.

ಎಂಬತ್ತರ ದಶಕದ ಮಧ್ಯ. ಹಳ್ಳಿಯ ಶಾಖೆ, ಸಂತೆಯ ದಿನ, ಕೌಂಟರಿನ ಮುಂದೆ ಬೆವರು, ಹೊಗೆಸೊಪ್ಪು, ಈರುಳ್ಳಿ ಎಲ್ಲದರ ವಾಸನೆ. ಸಂಜೆ ಕ್ಯಾಷ್ ಎಣಿಸಿದೆ. ನೂರು ರೂಪಾಯಿ ಹೆಚ್ಚಿಗೆ ಬಂತು. ಕ್ಯಾಷ್ ಕಡಿಮೆ ಬಂದರೆ ಕ್ಯಾಷಿಯರ್ ಕೈಯಿಂದ ಕಟ್ಟಬೇಕು, ಅದು ಎಲ್ಲರಿಗೂ ಗೊತ್ತು. ಹೆಚ್ಚಿಗೆ ಬರುವುದು ಇನ್ನೂ ಕಿರಿಕಿರಿ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಡಿಮೆ ಬಂದರೆ ನಷ್ಟ ನನ್ನದು. ಹೆಚ್ಚಿಗೆ ಬಂದರೆ ಇನ್ಯಾರದೋ ನಷ್ಟ ನನ್ನ ಕೈಯಲ್ಲಿದೆ ಎಂದರ್ಥ. ಮತ್ತೆ ಎಣಿಸಿದೆವು, ಓಚರುಗಳನ್ನೆಲ್ಲ ತಿರುವಿದೆವು, ಸಿಕ್ಕಲಿಲ್ಲ. ನಿಯಮದಂತೆ ಆ ನೂರು ರೂಪಾಯಿಯನ್ನು, ಯಾವ ಖಾತೆಗೂ ಸೇರಿಸಲಾಗದ ಬಾಬ್ತುಗಳನ್ನು ಇಡುವ, ನಮ್ಮ ಬಾಯಲ್ಲಿ ಸಸ್ಪೆನ್ಸ್ ಎಂದು ಕರೆಯುವ ಖಾತೆಗೆ ಹಾಕಿದೆವು. ಪುಸ್ತಕ ಟ್ಯಾಲಿ ಆಯಿತು. ಮನೆಗೆ ಹೋಗಿ ಊಟ ಮಾಡಿ ಚೆನ್ನಾಗಿ ನಿದ್ದೆ ಮಾಡಿದೆ.

ಯಾರೂ ಕೇಳಿಕೊಂಡು ಬರಲಿಲ್ಲ. ಬಾರದಿದ್ದದ್ದಕ್ಕೇ ಒಂದು ಮುಖ ನೆನಪಾಗತೊಡಗಿತು. ಅವತ್ತು ಹೆಬ್ಬೆಟ್ಟು ಒತ್ತಿ ಹಣ ತೆಗೆದುಕೊಂಡ ಒಬ್ಬ ಮುದುಕ. ‘ಎಣಿಸಿಕೊಳ್ಳಿ ಯಜಮಾನರೇ’ ಎಂದೆ. ‘ನೀವು ಎಣಿಸಿದ್ದೀರಲ್ಲ ಸ್ವಾಮಿ’ ಎಂದು ನೋಟುಗಳನ್ನು ಹಾಗೇ ಮಡಿಸಿ ಒಳಜೇಬಿಗೆ ಇಟ್ಟುಕೊಂಡ. ಅವನದೇ ಇರಬೇಕು, ಇಲ್ಲದಿರಲೂಬಹುದು. ಅವನ ಊರು ಎಂಟು ಕಿಲೋಮೀಟರ್. ಒಂದು ಭಾನುವಾರ ಸೈಕಲ್ ತುಳಿದಿದ್ದರೆ ಗೊತ್ತಾಗುತ್ತಿತ್ತು. ತುಳಿಯಲಿಲ್ಲ. ಆಗ ಠೇವಣಿ ಸಂಗ್ರಹದ ತಿಂಗಳು, ಟಾರ್ಗೆಟ್ ಇತ್ತು, ಭಾನುವಾರವೂ ಸಾಹುಕಾರರ ಮನೆ ಬಾಗಿಲು ತಟ್ಟುತ್ತಿದ್ದೆವು. ಆ ವರ್ಷ ನಮ್ಮ ಶಾಖೆಗೆ ಫಲಕ ಬಂತು. ಫೋಟೋದಲ್ಲಿ ನಾನು ಎಡದಿಂದ ಮೂರನೆಯವನು, ನಗುತ್ತಿದ್ದೇನೆ.

ಉತ್ಪಾದಕತೆಯ ಲೆಕ್ಕದಲ್ಲಿ ಅದು ನನ್ನ ಒಳ್ಳೆಯ ವರ್ಷ. ಸುಖದ ಏಣಿಯಲ್ಲೂ ಏಳನೆಯ ಮೆಟ್ಟಿಲು ಎನ್ನುತ್ತಿದ್ದೆನೋ ಏನೋ, ಮಗಳು ಹುಟ್ಟಿದ್ದೂ ಆಗಲೇ. ಆದರೆ ಈಗ ಎಪ್ಪತ್ತು ದಾಟಿದ ಮೇಲೆ ಆ ವರ್ಷದಿಂದ ನನ್ನ ಬಳಿ ಉಳಿದಿರುವುದು ಮಗಳ ತೊಟ್ಟಿಲು ಮತ್ತು ಆ ನೂರು ರೂಪಾಯಿ. ಫಲಕ ಎಲ್ಲಿದೆಯೋ.

ನನ್ನ ನೂರು ರೂಪಾಯಿಗೆ ಹನ್ನೆರಡನೆಯ ಶತಮಾನದ ಒಬ್ಬ ಹೆಂಗಸು ಉತ್ತರ ಹೇಳಿದ್ದಾಳೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ದಂಪತಿ ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿರುತ್ತದೆ. ಪರೀಕ್ಷಿಸಲು ಬಸವಣ್ಣನೇ ಚೆಲ್ಲಿಸಿದ್ದು ಎಂದು ಕಥೆ. ಮಾರಯ್ಯ ಸಂತೋಷದಿಂದ ಹೆಚ್ಚು ತುಂಬಿಕೊಂಡು ಮನೆಗೆ ಬರುತ್ತಾನೆ. ಲಕ್ಕಮ್ಮ ಗಂಟು ನೋಡಿದವಳೇ ಇಷ್ಟು ಎಲ್ಲಿಂದ ಬಂತು ಎಂದು ಕೇಳಿ, ನಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳಿಸುತ್ತಾಳೆ.

ಕಾಯಕವನ್ನು ಕೈಲಾಸಕ್ಕೆ ಸಮ ಮಾಡುವ ಮಾತು ಇದೇ ಮಾರಯ್ಯನ ವಚನದಲ್ಲಿದೆ. ಆ ಎರಡು ಪದಗಳು ನಮ್ಮ ಕಛೇರಿಗಳ ಗೋಡೆಯ ಮೇಲೆ, ಕಾರ್ಖಾನೆಯ ಗೇಟಿನ ಮೇಲೆ, ರಾಜಕಾರಣಿಗಳ ಭಾಷಣದ ತುದಿಯಲ್ಲಿ ಎಲ್ಲ ಕಡೆ ಇವೆ. ಹೆಚ್ಚು ದುಡಿ ಎಂದು ಹೇಳುವುದಕ್ಕೆ ನಾವು ಅವನ್ನು ಬಳಸುತ್ತೇವೆ. ಲಕ್ಕಮ್ಮ ಗಂಡನನ್ನು ವಾಪಸು ಕಳಿಸಿದ ಸಂಗತಿಯನ್ನು ಗೋಡೆಯ ಮೇಲೆ ಬರೆಸಿದ ಒಂದು ಕಛೇರಿಯನ್ನೂ ನಾನು ಕಂಡಿಲ್ಲ. ಮಾರಯ್ಯ ಅವತ್ತು ಟಾರ್ಗೆಟ್ ಮೀರಿದ್ದ, ಸಂತೋಷವಾಗಿಯೂ ಇದ್ದ. ಸಾಧನೆ, ಸುಖ ಎರಡೂ ಗಂಟಿನಲ್ಲಿದ್ದವು. ಅವಳ ಪ್ರಶ್ನೆ ಈ ಎರಡಕ್ಕೂ ಸಂಬಂಧಪಟ್ಟಿರಲಿಲ್ಲ. ಮೇಷ್ಟ್ರ ಕೆಂಪು ಶಾಯಿಯ ಪ್ರಶ್ನೆಯೇ ಅದು.

ಚಿಂತನಶೀಲ ಬದುಕು ಎಂದರೆ ಕಣ್ಣು ಮುಚ್ಚಿ ಕೂರುವುದು, ಗುಡ್ಡ ಹತ್ತಿ ಸೂರ್ಯಾಸ್ತ ನೋಡುವುದು, ದಿನಚರಿಗೆ ಚರ್ಮದ ರಟ್ಟು ಹಾಕಿಸುವುದು ಎಂದು ಈಗ ಚಾಲ್ತಿಯಲ್ಲಿದೆ. ಮಾಡುವವರು ಮಾಡಲಿ. ನನ್ನ ಮಟ್ಟಿಗೆ ಅದು ಕೈಯಲ್ಲಿರುವ ಗಂಟನ್ನು ಬಿಚ್ಚಿ, ಇದರಲ್ಲಿ ನನ್ನದೆಷ್ಟು, ಯಾರದೋ ಎಷ್ಟು ಎಂದು ಆರಿಸುವ ಕೆಲಸ. ಅನ್ನ ಮಾಡುವ ಮುಂಚೆ ಅಕ್ಕಿ ಆರಿಸುವಷ್ಟೇ ಸಾಮಾನ್ಯ ಕೆಲಸ, ಅಷ್ಟೇ ಬೇಸರದ್ದು.

ಕನ್ನಡದಲ್ಲಿ ‘ಸಾಕು’ ಎಂಬ ಒಂದೇ ಉಚ್ಚಾರಣೆಗೆ ಎರಡು ಅರ್ಥ. ಇನ್ನು ಬೇಡ ಎನ್ನುವುದು ಒಂದು, ಪೊರೆ ಎನ್ನುವುದು ಇನ್ನೊಂದು. ನಿಘಂಟಿನವರು ಇವು ಬೇರೆ ಬೇರೆ ಪದ ಎಂದರೆ ನನ್ನ ತಕರಾರಿಲ್ಲ. ಆದರೆ ಬಡಿಸುವಾಗ ತನಗೆ ಸಾಕು ಎಂದ ತಾಯಿಯೇ ಮಕ್ಕಳನ್ನು ಸಾಕಿದ್ದು ಎಂಬುದನ್ನು ನಾನು ಮನೆಯಲ್ಲೇ ನೋಡಿದ್ದೇನೆ.

ಶಿವರಾಮ ಕಾರಂತರ ‘ಅಳಿದ ಮೇಲೆ’ ಕಾದಂಬರಿ 1960ರದು. ರೈಲಿನಲ್ಲಿ ಪರಿಚಯವಾದ ಯಶವಂತರಾಯ ಎಂಬಾತ ಮುಂಬಯಿಯಲ್ಲಿ ಸಾಯುತ್ತಾನೆ, ಅವನು ಬಿಟ್ಟುಹೋದ ಕಾಗದಪತ್ರ ಮತ್ತು ಹಣದ ಜವಾಬ್ದಾರಿ ಕಥೆ ಹೇಳುವವನ ಮೇಲೆ ಬೀಳುತ್ತದೆ. ಯಾರು ಯಾರಿಗೋ ಅವನು ಹಣ ಕಳಿಸುತ್ತಿದ್ದ. ಅವರು ಯಾರು, ಏಕೆ ಎಂದು ಹುಡುಕಿಕೊಂಡು ಹೋಗುವುದೇ ಕಾದಂಬರಿ. ಹೋದಲ್ಲಿ ಸಾಕುತಾಯಿ ಪಾರ್ವತಮ್ಮ ಸಿಗುತ್ತಾಳೆ, ಅವನನ್ನು ಬಯ್ಯುವವರೂ ಸಿಗುತ್ತಾರೆ. ನಾನು ಇದನ್ನು ಮೊದಲು ಓದಿದ್ದು ಬ್ಯಾಂಕಿನ ಪರೀಕ್ಷೆಗೆ ಕಟ್ಟಿದ ವರ್ಷ, ಕಥೆಯ ಕುತೂಹಲಕ್ಕೆ. ಎರಡನೆಯ ಸಲ ನಿವೃತ್ತಿಯಾದ ಮೇಲೆ. ಆಗ ಅದು ಲೆಕ್ಕಪರಿಶೋಧಕರ ವರದಿಯ ಹಾಗೆ ಓದಿಸಿಕೊಂಡಿತು. ಒಬ್ಬ ಮನುಷ್ಯ ಲೋಕದಿಂದ ತೆಗೆದುಕೊಂಡದ್ದೆಷ್ಟು, ತಿರುಗಿ ಕೊಟ್ಟದ್ದೆಷ್ಟು? ಯಶವಂತರಾಯ ಸುಖಿಯಾಗಿದ್ದನೇ ಎಂದು ಕೇಳಿದರೆ ಹೌದು ಎನ್ನುವುದು ಕಷ್ಟ. ಯಶಸ್ವಿಯೇ ಎಂದರೆ ಇನ್ನೂ ಕಷ್ಟ. ಆದರೂ ಪುಸ್ತಕ ಮುಚ್ಚಿದಾಗ ಅವನ ಬಾಳು ವ್ಯರ್ಥವಾಯಿತು ಎಂದು ನನಗೆ ಎರಡು ಸಲವೂ ಅನ್ನಿಸಲಿಲ್ಲ.

ಡಿವಿಜಿಯವರ ವಿಷಯ ಹೇಳದೆ ಇಂಥ ಸಭೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ಕಗ್ಗದ ಪದ್ಯ ಹೇಳಿ ಚಪ್ಪಾಳೆ ಗಿಟ್ಟಿಸುವುದು ಪದ್ಧತಿ. ನಾನು ಪದ್ಯ ಹೇಳುವುದಿಲ್ಲ, ಚೆಕ್ಕಿನ ವಿಷಯ ಹೇಳುತ್ತೇನೆ. ಮೈಸೂರು ಸರ್ಕಾರದ ಕೆಲಸಗಳಿಗಾಗಿ ಅವರಿಗೆ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸಲೇ ಇಲ್ಲ, 1975ರಲ್ಲಿ ಅವರು ತೀರಿಕೊಂಡ ಮೇಲೆ ಅವು ಪೆಟ್ಟಿಗೆಯಲ್ಲಿ ಹಾಗೇ ಸಿಕ್ಕವು ಎಂದು ನಮ್ಮ ನಾಡಿನಲ್ಲಿ ಎಲ್ಲರೂ ಹೇಳುತ್ತಾ ಬಂದಿದ್ದಾರೆ. ಬ್ಯಾಂಕಿನವನಾಗಿ ನನಗೆ ಮೊದಲು ತೋಚಿದ್ದು ಚೆಕ್ಕು ಹಳಸುತ್ತದಲ್ಲ ಎಂದು. ನಮ್ಮ ಕಾಲದಲ್ಲಿ ಆರು ತಿಂಗಳಿಗೆ, 2012ರ ಏಪ್ರಿಲ್‌ನಿಂದ ಮೂರೇ ತಿಂಗಳಿಗೆ. ಆ ಚೆಕ್ಕುಗಳು ಮಾತ್ರ ಈಗಲೂ ಚಲಾವಣೆಯಲ್ಲಿವೆ, ಎಷ್ಟು ಭಾಷಣಗಳಲ್ಲಿ ಎಂದು ನೀವೇ ಎಣಿಸಿ. 1970ರಲ್ಲಿ ಸಾರ್ವಜನಿಕರು ಅವರಿಗೆ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದಾಗ ಅದನ್ನೂ ಅವರು ತಾವೇ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು.

ಚೆಕ್ಕಿಗಿಂತ ನನ್ನನ್ನು ಹಿಡಿಯುವುದು ಅವರ ‘ಜ್ಞಾಪಕ ಚಿತ್ರಶಾಲೆ’. ಎಂಟು ಸಂಪುಟ. ಒಂದರ ಹೆಸರು ‘ಮೈಸೂರಿನ ದಿವಾನರುಗಳು’, ಇನ್ನೊಂದರ ಹೆಸರು ‘ಹೃದಯಸಂಪನ್ನರು’. ದಿವಾನರಿಗೆ ಒಂದು ಸಂಪುಟವಾದರೆ ಯಾವ ಹುದ್ದೆಯ ಹಂಗೂ ಇಲ್ಲದ ಒಳ್ಳೆಯವರಿಗೂ ಒಂದು ಸಂಪುಟ. ಪತ್ರಕರ್ತನಾಗಿ, ಸಾರ್ವಜನಿಕ ವ್ಯಕ್ತಿಯಾಗಿ ಅಷ್ಟು ಕೆಲಸದ ನಡುವೆ ಇದ್ದವರು ತಾವು ಯಾರ ಯಾರ ಕೈತುತ್ತು ತಿಂದೆವು, ಯಾರ ಮಾತು ಕೇಳಿ ಬೆಳೆದೆವು ಎಂಬುದನ್ನು ಅಷ್ಟು ಪುಟಗಳಲ್ಲಿ ಒಪ್ಪಿಸಿದ್ದಾರೆ. ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅಷ್ಟು ದೀರ್ಘವಾದ ಉತ್ತರ ಕನ್ನಡದಲ್ಲಿ ಇನ್ನೊಂದು ಇದ್ದರೆ ತೋರಿಸಿ.

ಇಲ್ಲಿ ಒಂದು ಆಕ್ಷೇಪಣೆ ಬರಬೇಕು. ಹಿಂದಿನ ಸಾಲಿನಿಂದ ಬರುತ್ತದೆ ಎಂದು ಕಾಯುತ್ತಿದ್ದೇನೆ. ‘ಸಾರ್, ಇದೆಲ್ಲ ಪಿಂಚಣಿ ಬರುವವರ ಮಾತು. ನಮಗೆ ಕೆಲಸವೇ ಸಿಕ್ಕಿಲ್ಲ.’ ನ್ಯಾಯವಾದ ಮಾತು. ಕೆಲಸ ಸಿಗದವನಿಗೆ ದುಡಿಮೆಯ ಆಚೆಯದನ್ನು ಹೇಳುವುದು ಹಸಿದವನಿಗೆ ಏಕಾದಶಿ ಮಹಿಮೆ ಹೇಳಿದ ಹಾಗೆ. ನೀವು ಮೊದಲು ಕೆಲಸ ಹುಡುಕಿ, ಪರೀಕ್ಷೆ ಕಟ್ಟಿ, ಸುಖವಾಗಿಯೂ ಇರಿ. ಆದರೆ ಒಂದು ಮಾತು. ಯೋಚಿಸುವುದು ಹೊಟ್ಟೆ ತುಂಬಿದವರ ಹಕ್ಕು ಎಂದು ಮಾತ್ರ ಒಪ್ಪಬೇಡಿ. ಲಕ್ಕಮ್ಮನ ಮನೆಯಲ್ಲಿ ನಾಳೆಗೆ ಅಕ್ಕಿ ಇರಲಿಲ್ಲ.

ಇನ್ನೊಂದು ಆಕ್ಷೇಪಣೆ ನನ್ನ ಹೆಂಡತಿಯದು. ನಲವತ್ತು ವರ್ಷದ ಹಿಂದಿನ ನೂರು ರೂಪಾಯಿಯನ್ನು ಇನ್ನೂ ಹಿಡಿದುಕೊಂಡಿರುವುದು ಕೊರಗು, ಚಿಂತನೆಯಲ್ಲ ಎಂದು ಅವಳ ತೀರ್ಪು. ಇದಕ್ಕೆ ಉತ್ತರವಾಗಿ ಒಂದು ದನದ ಕಥೆ ಇದೆ. ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ನಾವು ಹಸು, ಎಮ್ಮೆಗೆ ಸಾಲ ಕೊಟ್ಟೆವು, ವಿಮೆಗೆಂದು ಕಿವಿಗೆ ಬಿಲ್ಲೆ ಹೊಡೆಸಿದೆವು. ಕೊಳ್ಳುವ ಹಸುವನ್ನು ನೋಡಿ ಒಪ್ಪಿಗೆ ಕೊಡಲು ನಾನು ಹೋಗುತ್ತಿದ್ದೆ. ಹಸುವಿನ ವಿಷಯ ನನಗೆ ಏನು ಗೊತ್ತು? ಎಷ್ಟು ಲೀಟರ್ ಕೊಡುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಒಂದು ಸಲ ಪಕ್ಕದಲ್ಲಿ ನಿಂತಿದ್ದ ರೈತ ಹೇಳಿದ. ‘ಹಾಲೆಷ್ಟು ಅಂತ ಆಮೇಲೆ ಕೇಳಿ ಸಾಮಿ. ಮೆಲುಕಾಡ್ತದಾ ಅಂತ ಮೊದ್ಲು ನೋಡಿ. ಮೆಲುಕು ಬಿಟ್ಟ ದನ ಉಳಿಯಾಕಿಲ್ಲ.’

ಪಶುವೈದ್ಯರೂ ಅದನ್ನೇ ಹೇಳುತ್ತಾರೆ. ದನ ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ನೋಡುವವರಿಗೆ ಅದು ಸುಮ್ಮನೆ ಮಲಗಿದೆ. ಮೇದದ್ದು ಹಾಲಾಗುವ ದಾರಿಯಲ್ಲಿ ಅದೂ ಒಂದು ಹಂತ ಎಂದು ತಿಳಿಯದ ಯಜಮಾನ ಕೋಲು ಹಿಡಿದು ಎಬ್ಬಿಸಿ ಮತ್ತೆ ಮೇಯಲು ಅಟ್ಟಿಯಾನು. ನೆನಪನ್ನು ತಿರುವಿ ಹಾಕುವುದಕ್ಕೆ ಕನ್ನಡದವರು ಕೊಟ್ಟಿಗೆಯಿಂದಲೇ ಮಾತು ತಂದರು, ಮೆಲುಕು ಹಾಕುವುದು ಎಂದರು. ಕೊರಗಿನಲ್ಲಿ ಅದೇ ತುತ್ತು ಗಂಟಲಲ್ಲೇ ನಿಂತಿರುತ್ತದೆ. ಮೆಲುಕಿನಲ್ಲಿ ನುಣ್ಣಗಾಗಿ ಒಳಗಿಳಿಯುತ್ತದೆ. ಆ ನೂರು ರೂಪಾಯಿಯ ಮೆಲುಕಿನಿಂದ ನನಗೆ ಆದದ್ದು ಇಷ್ಟೇ. ಮುಂದೆ ಮ್ಯಾನೇಜರ್ ಆದ ಶಾಖೆಗಳಲ್ಲೆಲ್ಲ ಹೆಬ್ಬೆಟ್ಟಿನವರ ಹಣವನ್ನು ಅವರೆದುರು ಇನ್ನೊಬ್ಬರು ಗಟ್ಟಿಯಾಗಿ ಎಣಿಸಿ ಕೊಡಬೇಕು ಎಂದು ಮಾಡಿದೆ. ಸಾಲು ಉದ್ದವಾಗುತ್ತದೆ ಎಂದು ಸಿಬ್ಬಂದಿ ಗೊಣಗಿದರು. ಉದ್ದವಾಯಿತು ನಿಜ. ಮುದುಕನ ಊರಿಗೆ ಮಾತ್ರ ನಾನು ಹೋದದ್ದು ನಿವೃತ್ತಿಯಾದ ಮೇಲೆ. ಅವನ ಹೆಸರು ನೆನಪಿರಲಿಲ್ಲ, ಕೇಳಿದರೂ ಯಾರಿಗೂ ತಿಳಿಯಲಿಲ್ಲ. ಒಂದು ಮನೆಯಲ್ಲಿ ಮಜ್ಜಿಗೆ ಕೊಟ್ಟರು, ಕುಡಿದು ಬಂದೆ.

ಹೊರಗೆ ಕಾಫಿ ಆರುತ್ತಿದೆ ಎಂದು ಕಾರ್ಯದರ್ಶಿಗಳು ಕೈಸನ್ನೆ ಮಾಡುತ್ತಿದ್ದಾರೆ. ಒಂದೇ ಒಂದು ಲೆಕ್ಕ ಬಾಕಿ ಇದೆ. ಈ ಉಪನ್ಯಾಸಕ್ಕೆಂದು ನನಗೆ ಕೊಟ್ಟ ಕವರನ್ನು ವೇದಿಕೆ ಹತ್ತುವ ಮುಂಚೆ ಬಿಚ್ಚಿ ನೋಡಿದೆ, ಸಭ್ಯತೆಯಲ್ಲ ಎಂದು ಗೊತ್ತಿದೆ, ಕೌಂಟರಿನ ಚಟ. ಬಸ್ಸಿನ ಎರಡು ಟಿಕೆಟ್ಟಿನ ದುಡ್ಡು ನಾನು ಇಟ್ಟುಕೊಂಡಿದ್ದೇನೆ. ಉಳಿದದ್ದು ಮೇಜಿನ ಮೇಲಿದೆ, ದಯವಿಟ್ಟು ದತ್ತಿಯ ಅಸಲಿಗೆ ಸೇರಿಸಿ. ರಸೀದಿ ಕೊಡುವುದನ್ನು ಮರೆಯಬೇಡಿ.